ತಿಪ್ಪೇಶನಿಗೆ ಸೂಜಿ ಹಾಕಿಸಿ

ಬಳ್ಳಾರಿ, ಮಕ್ಕಳ ವಾರ್ಡು

ಅತ್ತೆಯವರಿಗೆ ಕಾವ್ಯಳ ನಮಸ್ಕಾರ.

ನಿಮ್ಮ ಮಗ ಮಾಡಿದರೂ ನಾನು ಮಾಡಿದರೂ ನೀವು ಫೋನ್ ಎತ್ತುತ್ತಿಲ್ಲ. ಅದಕ್ಕೇ ರಾಂಪುರಕ್ಕೆ ಹೊರಟ ರಾಜಣ್ಣನ ಕೈಲಿ ಈ ಕಾಗದ ಕಳಿಸುತ್ತಿದ್ದೇನೆ.

ಭುವನಾಳಿಗೆ ಬಂದಿರುವುದು ಬರೀ ಗಂಟಲು ನೋವಲ್ಲ, ಗಂಟಲಮಾರಿ; ಡಾಕ್ಟರು ಡಿಫ್ತೀರಿಯಾ ಅನ್ನುತ್ತಾರೆ. ಮೊಳಕಾಲ್ಮುರಿನಿಂದ ಆಂಬುಲೆನ್ಸಿನಲ್ಲಿ ಬರುವಾಗ ಉಸಿರು ಕಟ್ಟಿ ತುಟಿ ನೀಲಿಯಾಯಿತು. ಇಲ್ಲಿ ಕುತ್ತಿಗೆಗೆ ತೂತು ಮಾಡಿ ಕೊಳವೆ ಇಟ್ಟಿದ್ದಾರೆ. ಇವತ್ತು ಕಣ್ಣು ಬಿಟ್ಟಳು.

ಡಾಕ್ಟರು ಹೊರಗೆ ಬಂದವರೇ ಕೇಳಿದ್ದು, "ಮನೇಲಿ ಇನ್ನೊಂದು ಮಗು ಐತೇನಮ್ಮ?" ನಿಮ್ಮ ಹತ್ತಿರ ಬಿಟ್ಟು ಬಂದ ತಿಪ್ಪೇಶ ಅಕ್ಕನ ಎಂಜಲು ಲೋಟದಲ್ಲೇ ಹಾಲು ಕುಡಿಯುವವನು. ಅವನಿಗೆ ಸೂಜಿಯೂ ಮಾತ್ರೆಯೂ ಬೇಕು, ಇವತ್ತೇ ಬೇಕು.

ನರ್ಸ್ ರಾಧಮ್ಮ ಬಂದಾಗ ನೀವು, "ಅಮ್ಮನಿಗೆ ಹರಕೆ ಕಟ್ಟೀನಿ, ಸೂಜಿ ಗೀಜಿ ಬ್ಯಾಡ" ಎಂದು ಬಾಗಿಲು ಹಾಕಿದಿರಂತೆ. ಹರಕೆ ಇರಲಿ ಅತ್ತೆ, ನಾನೂ ಜೊತೆಗೆ ಬಂದು ತೀರಿಸುತ್ತೇನೆ. ಈಗ ಬಾಗಿಲು ತೆಗೆಯಿರಿ. ನೀವೂ ಮಾತ್ರೆ ನುಂಗಿ. ಯಾರ ತಪ್ಪೆಂದು ನಾನು ಕೇಳುವುದಿಲ್ಲ.

ಭುವನಾಳಿಗೆ ದನಿ ಇಲ್ಲ. ಕೈಸನ್ನೆಯಲ್ಲೇ ತಮ್ಮನನ್ನು ಕೇಳಿದಳು. "ಅಜ್ಜಿ ಹತ್ರ ಆಡ್ತಾ ಅವ್ನೆ ಕಣವ್ವ" ಎಂದಿದ್ದೇನೆ. ನನ್ನ ಮಾತು ಸುಳ್ಳಾಗದಂತೆ ನೋಡಿಕೊಳ್ಳಿ.

ನಿಮ್ಮ ಸೊಸೆ,
ಕಾವ್ಯ