ತೂಕವಿಲ್ಲದ ಪೆಟ್ಟಿಗೆ

ಮನೆಯಿಂದ,
ಹದಿನಾಲ್ಕನೆಯ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅತ್ತೆಗೆ ನಿಮ್ಮ ಅಳಿಯನ ನಮಸ್ಕಾರ.

ಮೊಣಕಾಲು ನೋವು ಹೇಗಿದೆ? ನಾದಿನಿಯ ಮನೆ ಮೂರನೆಯ ಮಹಡಿ, ಲಿಫ್ಟೂ ಇಲ್ಲ. ದಿನಕ್ಕೊಂದು ಸಲಕ್ಕಿಂತ ಹೆಚ್ಚು ಹತ್ತಿ ಇಳಿಯಬೇಡಿ. ಮಗುವಿನ ಬಟ್ಟೆ ಒಣಹಾಕಲು ನಿಮ್ಮ ಚಿಕ್ಕ ಅಳಿಯ ಇದ್ದಾನಲ್ಲ, ಅವನನ್ನೇ ತಾರಸಿಗೆ ಓಡಿಸಿ. ಮಗು ಅಳುವುದು ಕಡಿಮೆಯಾಯಿತೇ? ಎಷ್ಟು ಅತ್ತರೂ ಅಮ್ಮ ಹಾಯಾಗಿ ಮಲಗಿರುತ್ತಾಳೆ ಎಂದು ನಾದಿನಿಗೆ ಹೊಟ್ಟೆಕಿಚ್ಚಂತೆ. ಮೂವತ್ತು ವರ್ಷ ಸಬ್‌ಸ್ಟೇಷನ್ನಿನಲ್ಲಿ ಟ್ರಾನ್ಸ್‌ಫಾರ್ಮರುಗಳ ಗುಂಯ್ ಎನ್ನುವ ಸದ್ದು ಕೇಳಿ ಕೇಳಿ ಹೋದ ಕಿವಿಗೆ ಇದೊಂದಾದರೂ ಲಾಭವಿರಲಿ. ಫೋನಿನಲ್ಲಿ ನನ್ನ ಮಾತು ನಿಮಗೆ ಕೇಳಿಸುವುದಿಲ್ಲ. ಮೆಸೇಜು ಕಳಿಸಿದರೆ ನಾದಿನಿ ಮೊದಲು ತಾನು ಓದಿ, ಆಮೇಲೆ ನಿಮಗೆ ಕೂಗಿ ಹೇಳಿ, ಕೊನೆಗೆ ತನ್ನ ಅಕ್ಕನಿಗೂ ವರದಿ ಒಪ್ಪಿಸುತ್ತಾಳೆ. ಅದಕ್ಕೇ ಈ ಕಾಗದ. ದಯವಿಟ್ಟು ಒಬ್ಬರೇ ಕೂತು ಓದಿ.

ಮಾವ ಚೆನ್ನಾಗಿದ್ದಾರೆ. ನೀವು ಮೊದಲು ಹುಡುಕುವ ಸಾಲು ಇದೇ ಎಂದು ಗೊತ್ತು. ಇವತ್ತು ಬೆಳಿಗ್ಗೆ ಬೆರಳಿಗೆ ಕ್ಲಿಪ್ ಹಾಕಿ ನೋಡಿದಾಗ ಆಕ್ಸಿಜನ್ ತೊಂಬತ್ನಾಲ್ಕು ಇತ್ತು. ಆಕ್ಸಿಜನ್ ಮಿಷನ್ನಿನ ಫಿಲ್ಟರನ್ನು ನೀವು ಬರೆದಿಟ್ಟ ಪ್ರಕಾರವೇ ತೊಳೆಯುತ್ತಿದ್ದೇನೆ. ಮೂಗಿನ ನಳಿಕೆ ಬದಲಿಸಿದ್ದೇನೆ. ಪದಬಂಧದಲ್ಲಿ ನನ್ನನ್ನು ಕೇಳಿ ಬರೆದುಕೊಳ್ಳುತ್ತಾರೆ, ತಪ್ಪಾದರೆ ಮಾತ್ರ ನನ್ನ ಹೆಸರು ಹೇಳುತ್ತಾರೆ. ಅವರ ಕೋಣೆಗೆಂದೇ ಮೀಟರ್ ಬೋರ್ಡಿನಿಂದ ಬೇರೆ ಲೈನು ಎಳೆಸಿದ್ದೇನೆ. ಹೇಗೂ ಆಗಬೇಕಾಗಿದ್ದ ಕೆಲಸ. ನಿಮ್ಮ ಮಗಳು ಎಂದಿನಂತೆ ಎಂಟಕ್ಕೆ ನೀರು ಪರೀಕ್ಷೆಯ ಲ್ಯಾಬಿಗೆ ಹೋಗಿ ಆರಕ್ಕೆ ಬರುತ್ತಾಳೆ. ನೀವಿಲ್ಲದೆ ಮನೆ ಸಪ್ಪೆ ಎನ್ನುತ್ತಾಳೆ, ಅಡುಗೆಯೂ ಸಪ್ಪೆಯಾಗಿದೆ ಎಂದು ನಾನು ಹೇಳುವ ಹಾಗಿಲ್ಲ.

ಇನ್ನು ಕಂಪ್ಯೂಟರಿನ ವಿಷಯ. ನನ್ನ ಫೋಟೊ ರಿಪೇರಿ ಕೆಲಸಕ್ಕೆ ಹೊಸ ಕಂಪ್ಯೂಟರನ್ನು ನಾನೇ ಜೋಡಿಸುತ್ತೇನೆ ಎಂದು ಕುಣಿದಾಗ ನೀವು ಒಂದೇ ಮಾತು ಹೇಳಿದ್ದಿರಿ. ಕ್ಯಾಬಿನೆಟ್ಟಿನ ಜೊತೆ ಪುಕ್ಕಟೆ ಬಂದಿದ್ದ ಎಸ್‌ಎಂಪಿಎಸ್, ಅಂದರೆ ಒಳಗಿನ ಭಾಗಗಳಿಗೆಲ್ಲ ಕರೆಂಟು ಕೊಡುವ ಡಬ್ಬಿಯನ್ನು ಎಡಗೈಯಲ್ಲಿ ಎತ್ತಿ, "ಅಳಿಯಂದ್ರೇ, ಇದರಲ್ಲಿ ತೂಕಾನೇ ಇಲ್ಲ. ತೂಕ ಇಲ್ದಿರೋ ಪವರ್ ಸಪ್ಲೈನ ನಂಬಬೇಡಿ, ಚೀಟಿ ಮೇಲೆ ಏನು ಬೇಕಾದ್ರೂ ಬರೀಬಹುದು" ಅಂದಿರಿ. ನಾನು ಆಯಿತು ಎಂದು ತಲೆಯಾಡಿಸಿದೆ. ನೀವು ಬಸ್ಸು ಹತ್ತಿದ ಮರುದಿನ ಅದನ್ನೇ ಕೂರಿಸಿದೆ. ಸದ್ಯಕ್ಕೆ ಇರಲಿ ಅಂದುಕೊಂಡೆ. ಚೀಟಿಯ ಮೇಲೆ ಐನೂರು ವ್ಯಾಟ್ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಅದರ ಕೆಳಗೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಹನ್ನೆರಡು ವೋಲ್ಟಿಗೆ ಹದಿನೆಂಟು ಆಂಪಿಯರ್ ಎಂದಿತ್ತು. ನೀವಾಗಿದ್ದರೆ ನಿಂತಲ್ಲೇ ಗುಣಿಸಿ ಇನ್ನೂರ ಹದಿನಾರು ವ್ಯಾಟ್ ಎನ್ನುತ್ತಿದ್ದಿರಿ. ನನ್ನ ಗ್ರಾಫಿಕ್ಸ್ ಕಾರ್ಡ್ ಒಂದೇ ಇನ್ನೂರು ಕೇಳುತ್ತದೆ, ಪ್ರೊಸೆಸರು ಬೇರೆ. ನಾನು ಗುಣಿಸಿದ್ದು ಅದು ಸಿಡಿದ ಮೇಲೆ.

ಹೌದು, ಸಿಡಿಯಿತು. ನೀವು ಹೋದ ಹತ್ತನೆಯ ದಿನ, ಮಧ್ಯಾಹ್ನ. ಗಡಿಯಾರ ರಿಪೇರಿಯವರು ಕೊಟ್ಟಿದ್ದ ಅವರ ಅಪ್ಪ ಅಮ್ಮನ ಆಲ್ಬಂ ನಿಮಗೆ ನೆನಪಿರಬೇಕು, ನೀರಿನಲ್ಲಿ ನೆನೆದು ಇಟ್ಟಿಗೆಯ ಹಾಗೆ ಅಂಟಿಕೊಂಡಿದ್ದು. ಒಂದೊಂದೇ ಹಾಳೆ ಬಿಡಿಸಿ ಸ್ಕ್ಯಾನ್ ಮಾಡಿದೆ, ಮಾಡುತ್ತಿದ್ದಂತೆ ಹಾಳೆಗಳು ಪುಡಿಯಾದವು. ಅಲ್ಲಿಗೆ ಆ ನಲವತ್ತೊಂದು ಚಿತ್ರಗಳು ನನ್ನ ಡಿಸ್ಕಿನಲ್ಲಿ ಬಿಟ್ಟರೆ ಈ ಭೂಮಿಯ ಮೇಲೆ ಬೇರೆಲ್ಲೂ ಇರಲಿಲ್ಲ. ಇನ್ನೊಂದು ಪ್ರತಿ ಮಾಡಿಡಬೇಕು ಎನ್ನುವುದು ನಾಳೆ ನಾಳೆ ಎಂದು ಮುಂದಕ್ಕೆ ಹೋಗುತ್ತಿತ್ತು. ಅವತ್ತು ಎಲ್ಲ ಚಿತ್ರಗಳನ್ನೂ ಒಟ್ಟಿಗೆ ಶುಚಿ ಮಾಡಲು ಹಾಕಿದೆ. ಫ್ಯಾನುಗಳು ಏರುದನಿಯಲ್ಲಿ ಕೂಗಿದವು. ಪಟಾರನೆ ಒಂದು ಸದ್ದು, ಡಬ್ಬಿಯ ಹಿಂದಿನಿಂದ ನೀಲಿ ಬೆಳಕು, ಸುಟ್ಟ ಮೀನಿನಂಥ ನಾತ. ಮನೆಯ ಕರೆಂಟೆಲ್ಲ ಟ್ರಿಪ್ ಆಗಿ ಹೋಯಿತು. ಬೆಂಕಿ ಹತ್ತಲಿಲ್ಲ. ಡಿಸ್ಕ್ ಉಳಿಯಿತು. ಚಿತ್ರಗಳನ್ನು ಈಗ ಎರಡು ಕಡೆ ಇಟ್ಟಿದ್ದೇನೆ. ಸತ್ತ ಡಬ್ಬಿಯನ್ನು ಅಡುಗೆಮನೆಯ ತಕ್ಕಡಿಗೆ ಹಾಕಿದರೆ ಏಳುನೂರು ಗ್ರಾಂ ಕೂಡ ತೂಗಲಿಲ್ಲ. ಮುಚ್ಚಳ ಮಾತ್ರ ಬಿಚ್ಚಲಿಲ್ಲ. ಕರೆಂಟು ಹಿಡಿದಿಟ್ಟುಕೊಳ್ಳುವ ಕೆಪಾಸಿಟರು ಸತ್ತ ಮೇಲೂ ಕಚ್ಚುತ್ತದೆ ಎಂದು ನೀವು ಹೇಳಿದ್ದು ಆಗಲಾದರೂ ನೆನಪಿಗೆ ಬಂತು.

ಆಮೇಲಿನ ಮೂರು ವಾರ ನಾನು ಮಾಡಿದ್ದು ಒಂದೇ ಕೆಲಸ, ಪವರ್ ಸಪ್ಲೈ ಆರಿಸುವುದು. ನೀವು ನಗುತ್ತೀರಿ. ಬಿಡಿಭಾಗದ ಅಂಗಡಿಗೆ ನಾಲ್ಕು ಸಲ ಹೋಗಿ ನಾಲ್ಕು ಸಲವೂ ಬರಿಗೈಯಲ್ಲಿ ಬಂದೆ. ಐನೂರೈವತ್ತರದ್ದು ನೋಡಿದರೆ ಸಾಲದೇನೋ ಎಂಬ ಭಯ, ಎಂಟುನೂರೈವತ್ತರದ್ದು ಎತ್ತಿದರೆ ಮನೆಯ ತಂತಿಯನ್ನೇ ಹೀರಿಬಿಡುತ್ತದೇನೋ ಎಂಬ ಭಯ. ಅಂಗಡಿಯವರು ಕಿವಿಯ ಮೇಲೆ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡೇ ಇರುವ ಮನುಷ್ಯ. "ಸಾರ್, ದೊಡ್ಡದೇ ತಗೊಂಡ್ಬಿಡಿ" ಅಂದರು. ಮನೆ ಲೈನು ತಡೆಯುತ್ತದೆಯೇ ಎಂದು ಕೇಳಿದೆ. "ದೊಡ್ಡ ಬಿಂದಿಗೆ ಇಟ್ಕೊಂಡ್ರೆ ಬಾಯಾರಿಕೆ ಜಾಸ್ತಿ ಆಗುತ್ತಾ ಸಾರ್? ಕಂಪ್ಯೂಟರಿಗೆ ಎಷ್ಟು ಬೇಕೋ ಅಷ್ಟೇ ಎಳೆಯೋದು" ಎಂದು ನಕ್ಕರು. ಅರ್ಥವಾಯಿತು, ಆದರೆ ಧೈರ್ಯ ಬರಲಿಲ್ಲ. ಮನೆಗೆ ಬಂದು ಮತ್ತೆ ಕಾಗದದ ಮೇಲೆ ಲೆಕ್ಕ ಹಾಕಿದೆ. ಕಾರ್ಡಿಗೆ ಇನ್ನೂರು, ಪ್ರೊಸೆಸರಿಗೆ ನೂರಮೂವತ್ತು, ಡಿಸ್ಕು ಫ್ಯಾನು ಇತ್ಯಾದಿಗೆ ಐವತ್ತು. ಎಷ್ಟು ಸಲ ಕೂಡಿದರೂ ಮುನ್ನೂರ ಎಂಬತ್ತೇ. ಹಾಸಿಗೆಯಲ್ಲಿ ಮಗ್ಗುಲಾದರೆ ಆ ಪಟಾರ್ ಸದ್ದು. ಮಿಕ್ಸಿ ಹಾಕಿದರೆ ಬೆಚ್ಚಿ ಎದ್ದು ನಿಲ್ಲುತ್ತಿದ್ದೆ. ನಿಮ್ಮ ಮಗಳು ಎರಡು ದಿನ ನೋಡಿ, "ಒಂದು ಡಬ್ಬಿ ಸುಟ್ಟಿದ್ದಕ್ಕೆ ಇಷ್ಟೊಂದಾ? ಏನಾಗಿದೆ ನಿಮ್ಗೆ?" ಅಂದಳು. ಏನೂ ಇಲ್ಲ ಅಂದೆ.

ಕೊನೆಗೆ ಈ ಕಗ್ಗಂಟು ಬಿಡಿಸಿದವರು ಮಾವ. ನನ್ನ ಲೆಕ್ಕದ ಹಾಳೆಯನ್ನು ಇಸಕೊಂಡು, ಕನ್ನಡಕ ಏರಿಸಿ, ಲಾರಿ ಓಡಿಸುತ್ತಿದ್ದ ಕಾಲದ ಗತ್ತಿನಲ್ಲಿ ಕೇಳಿದರು: "ಹತ್ತು ಟನ್ ಲೋಡಿಗೆ ಹತ್ತು ಟನ್ನಿನ ಗಾಡೀನೇ ಕಳಿಸ್ತಾರೇನ್ರೀ? ಏರು ಬಂದಾಗ ಎಂಜಿನ್ ಕೂತುಹೋಗುತ್ತೆ. ಹದಿನೈದರ ಗಾಡಿ ಕಳಿಸ್ಬೇಕು. ಹಾಗಂತ ಮೂವತ್ತರದ್ದು ಯಾತಕ್ಕೆ, ಅರ್ಧ ಖಾಲಿ ಓಡಿಸೋಕಾ?" ಮಾತು ಮುಗಿಸಲು ಅವರು ಎರಡು ಕಡೆ ಉಸಿರಿಗೆ ನಿಲ್ಲಬೇಕಾಯಿತು. ಆದರೂ ಮುಗಿಸಿದರು. ನಾನು ಹೋಗಿ ಆರುನೂರೈವತ್ತು ವ್ಯಾಟಿನದನ್ನು ತಂದೆ. ಹನ್ನೆರಡು ವೋಲ್ಟಿನ ಸಾಲಿಗೆ ಐವತ್ನಾಲ್ಕು ಆಂಪಿಯರ್, ಅಂಗಡಿಯಲ್ಲೇ ನಿಂತು ಗುಣಿಸಿದೆ, ಆರುನೂರ ನಲವತ್ತೆಂಟು. ಚೀಟಿ ಸುಳ್ಳು ಹೇಳಿಲ್ಲ. ಒಂದು ಕೈಯಲ್ಲಿ ಎತ್ತಿದರೆ ಮಣಿಕಟ್ಟು ಬಾಗುತ್ತದೆ. ಹಳೆಯ ತಂತಿ ಯಾವುದನ್ನೂ ಇದಕ್ಕೆ ಸಿಕ್ಕಿಸಬಾರದು, ಕೊಂಡಿ ಒಂದೇ ಥರ ಕಂಡರೂ ಒಳಗಿನ ಜೋಡಣೆ ಬೇರೆ ಎಂದು ಅಂಗಡಿಯವರು ಬೆರಳು ಎತ್ತಿ ಹೇಳಿದರು. ಒಂದನ್ನೂ ಬಿಡದೆ ಹೊಸದೇ ಹಾಕಿದೆ.

ಆದರೂ ಐದು ದಿನ ಅದು ಹಾಗೇ ಇತ್ತು. ಎಲ್ಲ ಸಿಕ್ಕಿಸಿ, ಎರಡೆರಡು ಸಲ ನೋಡಿ, ಸ್ವಿಚ್ಚಿನ ಮೇಲೆ ಬೆರಳಿಟ್ಟು ತೆಗೆದುಬಿಡುತ್ತಿದ್ದೆ. ಗಡಿಯಾರದವರು ಒಂದು ದಿನ ಬಂದು ಏನೂ ಕೇಳದೆ ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತು ಹೋದರು. ಅದಕ್ಕಿಂತ ಕೇಳಿದ್ದರೇ ಚೆನ್ನಾಗಿತ್ತು. ಇವತ್ತು ಬೆಳಿಗ್ಗೆ ನಿಮ್ಮ ಮಗಳು ತರಕಾರಿಗೆ ಹೋದಾಗ ಮಾವ ತಮ್ಮ ಉದ್ದ ನಳಿಕೆಯನ್ನು ಸೀರೆಯ ಸೆರಗಿನ ಹಾಗೆ ತೋಳಿನ ಮೇಲೆ ಹಾಕಿಕೊಂಡು ಮೆಲ್ಲಗೆ ನನ್ನ ಮೇಜಿನವರೆಗೆ ನಡೆದು ಬಂದರು. ಕುರ್ಚಿ ಎಳೆದು ಕೂತರು. "ಸರೀರಿ, ನಾನೇ ಒತ್ತುತ್ತೀನಿ" ಅಂದರು. ಬೇಡ ಅಂದೆ. ಅಷ್ಟರಲ್ಲಿ ಒತ್ತಿಯಾಗಿತ್ತು. ಫ್ಯಾನು ತಿರುಗಿತು. ಪರದೆಯ ಮೇಲೆ ಅಕ್ಷರ ಬಂತು. ಇಬ್ಬರೂ ಅರ್ಧ ಗಂಟೆ ನೋಡುತ್ತ ಕೂತೆವು. ನಲವತ್ತೊಂದೂ ಚಿತ್ರಗಳನ್ನು ಒಟ್ಟಿಗೆ ಹಾಕಿದೆ, ಡಬ್ಬಿ ಬೆಚ್ಚಗೂ ಆಗಲಿಲ್ಲ. ಮೊದಲು ಮೂಡಿಬಂದದ್ದು ಗಡಿಯಾರದವರ ಅಮ್ಮ, ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂತು ನಗುತ್ತಿದ್ದಾರೆ. "ಹಲ್ಲು ಚೆನ್ನಾಗಿದೆ" ಅಂದರು ಮಾವ.

ನಾದಿನಿಗೂ ಅವಳ ಗಂಡನಿಗೂ ನನ್ನ ನೆನಪು ಹೇಳಿ. ಮಗುವಿನ ಅಂಗೈಗೊಂದು ಮುತ್ತು. ಕಣ್ಣಿಗೆ ಹನಿ ಹಾಕಿಕೊಳ್ಳುವುದನ್ನು ಮರೆಯಬೇಡಿ, ಬಾಣಂತಿಯ ಆರೈಕೆಯಲ್ಲಿ ನಿಮ್ಮ ಮಾತ್ರೆ ತಪ್ಪಿಸಬೇಡಿ.

ನಿಮ್ಮ ಮಾತು ಕೇಳದ,
ದೊಡ್ಡ ಅಳಿಯ

ಮತ್ತೆ: ಲಕೋಟೆ ಅಂಟಿಸಿ ತಿರುಗಿ ಬಿಚ್ಚಿದ್ದೇನೆ, ಅಂಚು ಹರಿದದ್ದು ಅದಕ್ಕೇ. ಅವತ್ತು ಕರೆಂಟು ಹೋದಾಗ ಮಾವನ ಮಿಷನ್ನೂ ನಿಂತಿತು ಅತ್ತೆ. ಆಗ ಕಂಪ್ಯೂಟರೂ ಅದೂ ಒಂದೇ ಲೈನಿನಲ್ಲಿದ್ದವು. ಮಿಷನ್ನು ಪೀಂ ಪೀಂ ಎಂದು ಕೂಗುತ್ತಲೇ ಇತ್ತು. ಕೆಳಮನೆಯವರ ಯುಪಿಎಸ್ ಇರಬೇಕು ಅಂದುಕೊಂಡು ನಾನು ಡಿಸ್ಕ್ ಬಿಚ್ಚುತ್ತ ಕೂತಿದ್ದೆ. ಬಿಚ್ಚುವ ಮೊದಲು ತಂತಿಗಳ ಫೋಟೊ ತೆಗೆದದ್ದು ಮೂರು ಗಂಟೆ ಇಪ್ಪತ್ತೆರಡು ನಿಮಿಷಕ್ಕೆ, ಮಾವನನ್ನು ನೋಡಲು ಬರುವ ನರ್ಸಮ್ಮನಿಗೆ ಫೋನ್ ಮಾಡಿದ್ದು ಮೂರು ಮೂವತ್ತಮೂರಕ್ಕೆ. ಎರಡೂ ಫೋನಿನಲ್ಲಿವೆ, ಅಳಿಸಿಲ್ಲ. ಆ ಕೂಗು ನಮ್ಮ ಮನೆಯದೇ ಎಂದು ಹೊಳೆದು ನಾನು ಹೋದಾಗ ಮಾವ ಮಂಚದ ಅಂಚಿನಲ್ಲಿ ಮಂಡಿಗೆ ಕೈಯೂರಿ ಕೂತಿದ್ದರು, ತುಟಿ ಕಪ್ಪಿಟ್ಟಿತ್ತು. ಕೂಗಲಾಗದೆ ಲೋಟದಿಂದ ಮಂಚವನ್ನು ಬಡಿಯುತ್ತಿದ್ದರು. ಮೂಲೆಯಲ್ಲಿದ್ದ ಆಕ್ಸಿಜನ್ ಸಿಲಿಂಡರ್ ತಿರುಗಿಸಿ ನಳಿಕೆ ಕೊಟ್ಟೆ. ಕ್ಲಿಪ್ಪಿನಲ್ಲಿ ಎಪ್ಪತ್ತೊಂದು ಇದ್ದದ್ದು ನರ್ಸಮ್ಮ ಬರುವಷ್ಟರಲ್ಲಿ ತೊಂಬತ್ತಕ್ಕೆ ಬಂತು. ಮರುದಿನ ಡಾಕ್ಟರು ನೋಡಿ ತೊಂದರೆಯಿಲ್ಲ ಎಂದಿದ್ದಾರೆ, ಇದು ನಿಜ. ಉಸಿರು ಬಂದ ಮೇಲೆ ಅವರು ನನ್ನನ್ನು ಕೇಳಿದ ಮೊದಲ ಮಾತು "ಫೋಟೊ ಉಳೀತಾ?" ಎರಡನೆಯದು "ಅವಳಿಗೆ ಬರೀಬೇಡಿ, ಬಾಣಂತೀನ ಬಿಟ್ಟು ಓಡಿ ಬರ್ತಾಳೆ." ಇಷ್ಟು ದಿನ ಅವರ ಮಾತಿನ ಮರೆಯಲ್ಲಿ ಅಡಗಿಕೊಂಡಿದ್ದೆ, ಇನ್ನು ಆಗುವುದಿಲ್ಲ. ನಿಮ್ಮ ಮಗಳು ಈಗ ಒಳಗೆ ಬಟ್ಟೆ ಮಡಿಸುತ್ತಿದ್ದಾಳೆ, ಇದನ್ನು ಅಂಚೆ ಡಬ್ಬಿಗೆ ಹಾಕಿ ಬಂದು ಅವಳಿಗೂ ಹೇಳುತ್ತೇನೆ. ಬೈದೇ ಬರೆಯಿರಿ, ಆದರೆ ಬರೆಯಿರಿ.