ಗೋಲ್ಡ್ ಕಾರ್ಡಿನ ಸಾಹೇಬರು

೧೪ ನವೆಂಬರ್, ಬೀದರ

ಹೇಸಿಗೆಯಾಗಿದೆ. ಊಟದ ತಾಟನ್ನು ಹಾಗೆಯೇ ಸರಿಸಿಟ್ಟು ಬಂದೆ.

ನಿನ್ನೆ ನಸುಕಿನಲ್ಲಿ ಅಕ್ಕನಿಗೆ ಏಳು ತಿಂಗಳಿಗೇ ಹೆರಿಗೆಯಾಯಿತು. ಕೂಸು ಉಳಿಯುವುದು ಕಷ್ಟವೆಂದು ಡಾಕ್ಟರು ಹೇಳಿದ ಕೂಡಲೇ, ಔಷಧ ಕಂಪನಿಯ ಕೆಲಸಕ್ಕೆ ದಿಲ್ಲಿಗೆ ಹೋಗಿದ್ದ ಅವಳ ಗಂಡ ಅಮಿತಕುಮಾರ ಮಾಮಾನಿಗೆ ನಾನೇ ಫೋನ್ ಮಾಡಿದೆ. ಕೂಸು ಸಂಜೆಯವರೆಗೂ ಉಸಿರಾಡಿತು. ಆಮೇಲೆ ಹೋಯಿತು. ಇವತ್ತು ಬೆಳಿಗ್ಗೆ ಅಪ್ಪ ಭಾಲ್ಕಿಯ ಹೊಲದಲ್ಲಿ ಅದನ್ನು ಮಣ್ಣು ಮಾಡಿ ಬಂದ ಮೇಲೆ ಮಾಮಾ ಆಸ್ಪತ್ರೆಗೆ ಬಂದರು.

"ನಿನ್ನೆ ಮುಂಜಾನೆ ಹೈದರಾಬಾದಿಗೆ ನೇರ ವಿಮಾನ ಇರಲಿಲ್ಲೇನ್ರಿ?" ಎಂದೆ.

"ಇತ್ತು, ಬ್ಯಾರೆ ಕಂಪನೀದು. ನಾ ಯಾವಾಗ್ಲೂ ಹೋಗೋ ಕಂಪನೀದು ರಾತ್ರಿ ಇತ್ತು, ಮುಂಬೈ ಮ್ಯಾಲಿಂದ. ಅದ್ರಾಗ ಬರಲಿಲ್ಲಂದ್ರ ವಿಮಾನದ ಎಣಿಕಿ ಕಡಿಮಿ ಬಿದ್ದು, ಈ ವರ್ಷ ಅವರು ಕೊಟ್ಟ ಗೋಲ್ಡ್ ಕಾರ್ಡ್ ಹೋಗ್ತಿತ್ತು."

"ಹೋದ್ರ ಹೋಗ್ತಿತ್ರಿ!"

"ನಿನಗ ತಿಳಿಯಂಗಿಲ್ಲ ದಾನಮ್ಮಾ. ಆ ಕಾರ್ಡ್ ಇದ್ರ ವಿಮಾನ ನಿಲ್ದಾಣದಾಗ ನನ್ನ ಸಾಲಿನ್ಯಾಗ ನಿಂದ್ರಸಂಗಿಲ್ಲ. ಹೆಸರು ಹಿಡಿದು ಸಾಹೇಬ್ರ ಅಂತಾರ. ಇಲ್ಲಿ ಯಾರಂತಾರ?"

ಔಷಧ ಕಂಪನಿಯ ಚೀಲ ಹಿಡಿದು ದಿನವಿಡೀ ಡಾಕ್ಟರರ ಬಾಗಿಲಲ್ಲಿ ಕಾಯುವವರಿಗೆ ಆ ಒಂದು ಮಾತು ಎಷ್ಟು ರುಚಿಯೆಂದು ನನಗೆ ತಿಳಿಯುತ್ತದೆ. ತಿಳಿದೂ ಅವರಿಗೆ ಕುರ್ಚಿ ಸರಿಸಲಿಲ್ಲ.

ಅಕ್ಕ ಅಳಲಿಲ್ಲ. "ಕೂಸು ಯಾರ ಹಂಗಿತ್ತು, ಗೊತ್ತದೇನ್ರಿ?" ಎಂದು ಕೇಳಿದಳು. ಅವರು ಕೈಚೀಲ ಕೆಳಗಿಟ್ಟರು.

"ನಿಮ್ಮ ಹಂಗಿತ್ತು," ಎಂದು ಗೋಡೆಯ ಕಡೆ ತಿರುಗಿಕೊಂಡಳು.

ಈಗ ಅವರು ನಮ್ಮ ಪಡಸಾಲೆಯಲ್ಲಿ ಮಲಗಿದ್ದಾರೆ. ಬೆಳಗಾದರೆ ಅವರಿಗೆ ಚಹಾ ಕೊಡಬೇಕಾದವಳು ನಾನು. ಆ ಮುಖ ನೋಡಿ ಹೇಗೆ ಕೊಡಲಿ?