ಗುಡ್ ಫ್ರೈಡೆಯ ಪುಡಿಂಗು

ಬೀದರ
೨೮ ಏಪ್ರಿಲ್ ೨೦೨೫

ಪ್ರೀತಿಯ ತಮ್ಮ ಮೋಶೆಗೆ,

ಕರ್ತನ ಹೆಸರಿನಲ್ಲಿ ನಿನಗೂ ಶರೋನಳಿಗೂ ಅಕ್ಕನ ವಂದನೆ. ಈಸ್ಟರಿಗೆ ಭಾಲ್ಕಿಗೆ ಬಂದು ಹೋದವಳು ಎಂಟು ದಿನ ಸುದ್ದಿಯೇ ಇಲ್ಲವೆಂದು ಬೇಜಾರು ಮಾಡಿಕೊಳ್ಳಬೇಡ. ಸಿಟ್ಟು ಇಳಿಯಲಿ, ಆಮೇಲೆ ಬರೆಯೋಣ ಎಂದು ಕಾದೆ. ಇಳಿಯಲಿಲ್ಲ. ಫೋನು ಮಾಡಿದರೆ ನೀನು ಅರ್ಧ ಮಾತಿಗೇ ಕಟ್ ಮಾಡುತ್ತೀ. ಅದಕ್ಕೇ ಈ ಕಾಗದ.

ಅವತ್ತು ನಿನ್ನ ಮನೆಯಲ್ಲಿ ನಾನು ಚಹಾ ಕೇಳಿದಾಗ ಅವ್ವ ಏನಂದಳು ಗೊತ್ತೆ? "ತಡಿಯವ್ವ, ಶರೋನ ಬರ್ಲಿ. ಕೀಲಿ ಅಕಿ ಹತ್ರ ಅದ." ಔರಾದದ ಹಾಸ್ಟೆಲ್ಲಿನಲ್ಲಿ ಮೂವತ್ತು ವರ್ಷ ನೂರಾರು ಮಕ್ಕಳಿಗೆ ಅಡುಗೆ ಮಾಡಿ ಹಾಕಿದವಳು ಒಂದು ಚಮಚ ಸಕ್ಕರೆಗೆ ಸೊಸೆಯ ದಾರಿ ನೋಡಬೇಕೆ? ಹೆತ್ತವಳಿಗೆ ಅಡುಗೆಮನೆಯ ಬೀಗ ಹಾಕಿ, ಕೀಲಿಯನ್ನು ಹೆಂಡತಿಯ ಸೆರಗಿಗೆ ಕಟ್ಟಿಸಿದ ನೀನು ಚರ್ಚಿನ ಕಮಿಟಿಯವನು! ನಾಚಿಕೆಯಾಗಲಿಲ್ಲವೇನೋ ನಿನಗೆ?

ಅವ್ವ ಮಾಡಿದ ತಪ್ಪಾದರೂ ಏನು? ಈಸ್ಟರ್ ನಸುಕಿನಲ್ಲಿ ಸಮಾಧಿಗಳ ಹತ್ತಿರ ಪ್ರಾರ್ಥನೆ ಮುಗಿಸಿ ಬಂದು ನಾವು ತಿನ್ನುವ ಹಣ್ಣಿನ ಪುಡಿಂಗನ್ನು ಎರಡು ದಿನ ಮೊದಲೇ, ಗುಡ್ ಫ್ರೈಡೆ ದಿನ ಮಾಡಿದಳು. ನಮ್ಮವರೆಲ್ಲ ಉಪವಾಸವಿದ್ದು ಬಿಳಿ ಬಟ್ಟೆ ಉಟ್ಟು ಚರ್ಚಿಗೆ ಹೊರಟ ಹೊತ್ತಿಗೆ, ಗೌಸೋದ್ದೀನನ ಬೇಕರಿಯ ಭಟ್ಟಿಯಲ್ಲಿ ಬೇಯಿಸಿದ ಟ್ರೇ ಹಿಡಿದು ರಸ್ತೆಯಲ್ಲಿ ಬಂದಳು. ಮಂದಿ ನೋಡಿದರು, ನಿನ್ನ ಮುಖ ಸಣ್ಣದಾಯಿತು. ಬಿಸಿ ಟ್ರೇ ಕಸಿದುಕೊಂಡು ಎಲ್ಲವನ್ನೂ ಎಮ್ಮೆಯ ಕಲಗಚ್ಚಿಗೆ ಸುರಿದೆ. "ಯಾಕ ಮಾಡಿದಿ?" ಎಂದು ನಾಲ್ಕು ಸಲ ಕೇಳಿದರೂ ಅವ್ವ ಬಾಯಿ ಬಿಡಲಿಲ್ಲವಂತೆ. ಕೂಡಲೇ ನನಗೆ ಫೋನು: "ಅಕ್ಕಾ, ಅವ್ವಗ ದಿನಾನೂ ನೆನಪಿಲ್ಲ. ನಾಳಿ ಗ್ಯಾಸ್ ಹಚ್ಚಿ ಮರತರ ಮನಿ ಸುಟ್ಟು ಹೋಗ್ತದ."

ಮರೆವಂತೆ ಮರೆವು! ವರ್ಷಾ ವರ್ಷಾ ಚಪ್ಪರಿಸಿ ತಿನ್ನುತ್ತೀಯಲ್ಲ, ಅದು ಹೇಗಾಗುತ್ತದೆಂದು ಒಮ್ಮೆಯಾದರೂ ಕೇಳಿದ್ದೀಯಾ? ತಾಜಾ ಬ್ರೆಡ್ಡು ಹಾಕಿದರೆ ಮುದ್ದೆಯಾಗುತ್ತದೆ. ಎರಡು ದಿನ ಮೊದಲೇ ತಂದು ಒಣಗಲು ಬಿಡಬೇಕು. ಹಿಂದಿನ ಸಂಜೆ ಹಾಲು, ಮೊಟ್ಟೆ, ಬೆಲ್ಲ ಕಲಸಿ, ಬ್ರೆಡ್ಡಿನ ನಡುನಡುವೆ ಬಾಳೆಹಣ್ಣು, ಖರ್ಜೂರ, ಅಂಜೂರ ಹರಡಿ, ಎಲ್ಲ ನೆನೆಯುವಂತೆ ಅದುಮಿ ಫ್ರಿಜ್ಜಿನಲ್ಲಿಡಬೇಕು. ಬೆಳಿಗ್ಗೆ ಬೇಕರಿಯವರು ತಮ್ಮ ಬ್ರೆಡ್ಡು ತೆಗೆದು ಭಟ್ಟಿಯ ಕಾವು ತಗ್ಗುವ ಹೊತ್ತಿಗೆ ಸರಿಯಾಗಿ ಒಯ್ಯಬೇಕು. ಮೂರು ದಿನದ ಈ ಕೆಲಸವನ್ನೆಲ್ಲ ತಲೆಯಲ್ಲಿಟ್ಟುಕೊಂಡು ಮಾಡಿದವಳಿಗೆ ವಾರ ಯಾವುದೆಂದು ಗೊತ್ತಿರಲಿಲ್ಲವೆ?

ವಾಪಸು ಬರುವಾಗ ಬೇಕರಿಗೂ ಹೋಗಿದ್ದೆ. "ಅಮ್ಮಾರಿಗಿ ಮರವೇನ್ರಿ?" ಎಂದು ಗೌಸೋದ್ದೀನ ನಕ್ಕುಬಿಟ್ಟ. "ಮ್ಯಾಲ ಕಾಗದ ಮುಚ್ಚಪಾ, ಬಾಳಿಹಣ್ಣು ಕರ್ರಗಾಗ್ತಾವ ಅಂತ ನನಗೇ ಹೇಳಿ ನಿಂತಿದ್ರು. ಹತ್ತು ಮಿನಿಟ ಮೊದಲ ತೆಗ್ದಿದ್ದಕ್ಕ ಬೈದ್ರು ಭೀ."

"ಬೀಗ ಹಾಕು ಅಂದಾಕಿ ನೀನೇ ಅಲಾ ಅಕ್ಕಾ" ಎಂದು ನೀನೀಗ ಹಲ್ಲು ಕಡಿಯುತ್ತಿರಬಹುದು. ಅಂದಿದ್ದೆ. ಆ ಮಾತಿಗೆ ಕೊನೆಗೆ ಬರುತ್ತೇನೆ. ಮೊದಲು ಎದ್ದು ಬೀಗ ತೆಗೆ. ಕೀಲಿ ಅವ್ವನ ಕೈಗೆ ಕೊಡು, ಶರೋನಳ ಎದುರಿಗೇ ಕೊಡು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಪಾಪ, ಅವತ್ತು ನನ್ನ ಜೊತೆ ಮಾತಾಡುವಾಗ ಅವಳು ತಲೆಯನ್ನೇ ಎತ್ತಲಿಲ್ಲ.

ದೇವರು ನಿಮ್ಮಿಬ್ಬರನ್ನೂ ಸುಖವಾಗಿಡಲಿ. ಸಿಟ್ಟಿನಲ್ಲಿದ್ದರೂ ಇದನ್ನು ಮನಸಾರೆ ಬರೆದಿದ್ದೇನೆ.

ನಿನ್ನ ಅಕ್ಕ,
ಇವಾಂಜಲಿನ

ತಾ.ಕ.: ಅವ್ವ ದಿನ ಮರೆತಿರಲಿಲ್ಲ. ಮಾಡಿಸಿದವಳು ನಾನು. ಈಸ್ಟರ್ ದಿನ ನನಗೆ ಆಸ್ಪತ್ರೆಯಲ್ಲಿ ಡ್ಯೂಟಿ ಬಿದ್ದಿತ್ತು. ಮಂಗಳವಾರ ಅವ್ವನಿಗೆ ಫೋನು ಮಾಡಿ, ಶುಕ್ರವಾರ ಬರುತ್ತೇನೆ, ಮೂರು ಗಂಟೆಯ ಪ್ರಾರ್ಥನೆ ಮುಗಿಸಿ ನಿನ್ನ ಪುಡಿಂಗು ತಿಂದೇ ಉಪವಾಸ ಬಿಡುತ್ತೇನೆ ಎಂದು ಹಟ ಹಿಡಿದೆ. "ಅವತ್ತ ಭಟ್ಟಿಗಿ ಒಯ್ದರ ಮಂದಿ ಏನಂತಾರವ್ವ?" ಎಂದಳು. ಅನ್ನಲಿ ಬಿಡು ಎಂದೆ. ಗುರುವಾರ ಡ್ಯೂಟಿ ಬದಲಾಗಿ ಭಾನುವಾರವೇ ರಜೆ ಸಿಕ್ಕಿತು. ಅದನ್ನು ಅವ್ವನಿಗೆ ತಿಳಿಸಲು ಮರೆತವಳು ನಾನು. ನೀನು ಫೋನಿನಲ್ಲಿ ಕೂಗಾಡಿದಾಗ ನಿಜ ಹೇಳಲು ಹೆದರಿ, "ಹೌದೋ, ಅವ್ವಗ ವಯಸ್ಸಾಯ್ತು. ಅಡಗಿಮನಿಗಿ ಬೀಗ ಹಾಕು" ಎಂದೆ. ನೀನು ಸ್ಪೀಕರ್ ಹಾಕಿದ್ದೆಯೆಂದು ಶರೋನ ಹೇಳಿದ ಮೇಲೆಯೇ ನನಗೆ ಗೊತ್ತಾದದ್ದು. ಅವ್ವ ಪಕ್ಕದಲ್ಲೇ ನಿಂತು ಎಲ್ಲವನ್ನೂ ಕೇಳಿದ್ದಾಳೆ. ಆದರೂ ನನ್ನ ಹೆಸರು ಎತ್ತಲಿಲ್ಲ. ಭಾನುವಾರ ಬಸ್ಸು ಹತ್ತಿಸಲು ಬಂದಾಗ ಒಂದೇ ಒಂದು ಮಾತು ಕೇಳಿದಳು: "ಶುಕ್ರವಾರ ಉಪಾಸ ಬಿಟ್ಟ ಮ್ಯಾಲ ಏನರೆ ತಿಂದಿ ಇಲ್ಲವ್ವ?"